ಹೊಸ ಯಂತ್ರದ ಜ್ವರ

ಪೂರ್ತಿ ಕೆಟ್ಟುಹೋದ ಯಂತ್ರದೊಡನೆ ವ್ಯವಹರಿಸುವುದು ಅಷ್ಟೇನೂ ಕಷ್ಟವಲ್ಲ. ಅದು ಕೆಟ್ಟ ಸ್ಥಿತಿಯಲ್ಲಿಯೇ ನಮಗಾಗಿ ಕಾದು ಕುಳಿತಿರುತ್ತದೆ. ಬಿಚ್ಚಿ ನೋಡಬಹುದು, ಬಲ್ಲವರಿಗೆ ತೋರಿಸಬಹುದು. ಆಗೊಮ್ಮೆ ಈಗೊಮ್ಮೆ ಮಾತ್ರ ಕೆಡುವ ಯಂತ್ರದ ರೀತಿಯೇ ಬೇರೆ. ಬಲ್ಲವರು ಬಂದು ಎದುರಿಗೆ ಕುಳಿತರೆ ಪರಮ ಸಾಧುವಾಗಿ ನಡೆಯುತ್ತದೆ. ಅವರು ಚಹಾ ಕುಡಿದು ಮೆಟ್ಟಿಲಿಳಿದ ಮೇಲೆ ತನ್ನ ಗುಣ ತೋರಿಸುತ್ತದೆ. ದವಾಖಾನೆಯ ಬಾಗಿಲಿಗೆ ಹೋದೊಡನೆ ಹಲ್ಲುನೋವು ನಿಂತುಬಿಡುತ್ತದಲ್ಲ, ಹಾಗೆ. ನಮ್ಮ ಬಳಗದ ಹೊಸ ಕಂಪ್ಯೂಟರು ಕಳೆದ ಮಳೆಗಾಲದಲ್ಲಿ ಸುಮಾರು ಏಳು ವಾರ ನಮ್ಮನ್ನು ಹೀಗೆ ಆಡಿಸಿತು. ಆ ಅವಧಿಯಲ್ಲಿ ಕಂಡುಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇವೆ. ಬೇರೆ ಊರುಗಳಲ್ಲಿ ಇಂಥದೇ ಕೆಲಸಕ್ಕೆ ಕೈಹಾಕಿರುವ ಹೊರನಾಡ ಬಳಗಗಳಿಗೆ ಉಪಯೋಗವಾದೀತು.

ಕಂಪ್ಯೂಟರು ಬೇಕಾದದ್ದು 22 ಕ್ಯಾಸೆಟ್ಟುಗಳ ಸಲುವಾಗಿ. ನಮ್ಮ ಬಳಗದ ಹಿರಿಯ ಸದಸ್ಯೆಯೊಬ್ಬರು, ನಾವೆಲ್ಲ ಕಾಕು ಎಂದು ಕರೆಯುವವರು, ಇಂಡಿ ತಾಲೂಕಿನಿಂದ ಮದುವೆಯಾಗಿ ಪುಣೆಗೆ ಬಂದವರು. ಅವರ ತಾಯಿಗೆ ಬೀಸುವ ಕಲ್ಲಿನ ಪದಗಳು ನೂರಾರು ಬರುತ್ತಿದ್ದವು. 1983ರ ಸುಮಾರಿಗೆ ಕಾಕುವಿನ ಅಣ್ಣ ಹೊಸದಾಗಿ ಕೊಂಡ ಟೂ ಇನ್ ಒನ್ ತಂದು ತಾಯಿಯ ಮುಂದಿಟ್ಟು, ಒಂದು ಬೇಸಿಗೆಯುದ್ದಕ್ಕೂ ಅವರ ಪದಗಳನ್ನು ಹಿಡಿದಿಟ್ಟರು. ತಾಯಿಯೂ ಅಣ್ಣನೂ ಈಗಿಲ್ಲ. ಬೀಸುವ ಕಲ್ಲು ಊರ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಬಂಡೆಯ ಪಕ್ಕ ಬಿದ್ದಿದೆಯಂತೆ. ಉಳಿದದ್ದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಈ ಕ್ಯಾಸೆಟ್ಟುಗಳು ಮಾತ್ರ.

ಆ ಸೀಮೆಯ ಪದಗಳಿಗೆ ಕನ್ನಡದಲ್ಲಿ ದೊಡ್ಡ ಸ್ಥಾನವಿದೆ. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪುಸ್ತಕವಾಗಿ ಬಂದಾಗ ಹೆಂಗಸರ ಬೀಸುವ ಪದಗಳಿಗೆ ಸಾಹಿತ್ಯದ ಪಂಕ್ತಿಯಲ್ಲಿ ಮೊದಲ ಬಾರಿ ಮಣೆ ಹಾಕಿದಂತಾಯಿತು. ಆದರೆ ಅಲ್ಲಿ ಉಳಿದಿರುವುದು ಮಾತು. ದನಿಯನ್ನು ಹಿಡಿದಿಡುವ ಸಾಧನ ಆ ಗೆಳೆಯರ ಕೈಯಲ್ಲಿರಲಿಲ್ಲ. ನಾವಿರುವ ಪುಣೆಯಲ್ಲಿಯೇ ಹೇಮಾ ರಾಯಿರಕರ್ ಮತ್ತು ಗೀ ಪ್ವಾತವ್ಯಾಂ ಅವರು ಮುಂದೆ ನಿಂತು ಮಹಾರಾಷ್ಟ್ರದ ಹಳ್ಳಿಗಳಿಂದ ಲಕ್ಷಕ್ಕೂ ಮಿಕ್ಕಿ ಮರಾಠಿ ಬೀಸುಗಲ್ಲಿನ ಓವಿಗಳನ್ನು ಕೂಡಿಹಾಕಿದರು. ಅವುಗಳಲ್ಲಿ ಹಲವನ್ನು ಹಾಡಿದವರ ದನಿಯಲ್ಲಿಯೇ ಇಂದು ಕೇಳಬಹುದು. ಆ ದನಿಗಳನ್ನು ಕೇಳಿದ ಮೇಲೆ ಕಾಕುವಿನ ಡಬ್ಬಿಯನ್ನು ಕಪಾಟಿನಲ್ಲಿ ಬಿಟ್ಟು ಸುಮ್ಮನಿರುವುದು ನಮ್ಮಿಂದಾಗಲಿಲ್ಲ. ಕಾಕು ಮೊದಲು ಒಪ್ಪಿರಲಿಲ್ಲ. “ಹಾಳು ಮಾಡಿ ಕೊಟ್ಟೀರಿ ಮತ್ತ” ಎಂದಿದ್ದರು. ಎರಡು ವರ್ಷ ಕೇಳಿದ ಮೇಲೆ ಕೊಟ್ಟರು.

ಅವರ ಅಂಜಿಕೆ ನಿರಾಧಾರವಾದುದಲ್ಲ. ನಲವತ್ತು ವರ್ಷದ ಕ್ಯಾಸೆಟ್ಟನ್ನು ನುಡಿಸುವುದೆಂದರೆ ಅದರ ಆಯುಷ್ಯದಲ್ಲಿ ಒಂದಿಷ್ಟನ್ನು ಖರ್ಚು ಮಾಡಿದಂತೆಯೇ. ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಪುಟ್ಟ ಉಣ್ಣೆಯ ತುಣುಕು ಅಂಟು ಬಿಟ್ಟು ಉದುರುತ್ತದೆ. ಪುಣೆಯ ಮಳೆಗಾಲದ ತೇವಕ್ಕೆ ಸುರುಳಿಯ ಅಂಚಿನಲ್ಲಿ ಬೂಷ್ಟು ಹಿಡಿದಿರುತ್ತದೆ. ಉರುಳೆಗೆ ಸಿಕ್ಕಿಕೊಂಡರೆ ಟೇಪು ಗಂಟಾಗಿ ಮುರಿಯುತ್ತದೆ. ಆದ್ದರಿಂದ ಪ್ರತಿ ಬದಿಯನ್ನೂ ಒಂದೇ ಸಲ, ಮೊದಲಿಂದ ಕೊನೆಯವರೆಗೆ ನಿಲ್ಲಿಸದೆ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂಬುದು ನಮ್ಮ ನಿಯಮ. ದನಿಯನ್ನು ಶುದ್ಧಗೊಳಿಸುವುದು, ಪದಗಳನ್ನು ಬರೆದುಕೊಳ್ಳುವುದು, ಬಳಗದ ಉಪನ್ಯಾಸಗಳ ದೃಶ್ಯಗಳನ್ನು ಸಂಪಾದಿಸುವುದು, ಇವೂ ಅದೇ ಯಂತ್ರದಲ್ಲಿ ಆಗಲಿ ಎಂದು ಸದಸ್ಯರೆಲ್ಲ ವಂತಿಗೆ ಹಾಕಿ ಬಿಡಿಭಾಗಗಳನ್ನು ಕೊಂಡರು. ಹಿಂಜವಡಿಯಲ್ಲಿ ನೌಕರಿ ಮಾಡುವ ನಮ್ಮ ತರುಣ ಸದಸ್ಯನೊಬ್ಬ ಕೊಥರೂಡಿನ ನಮ್ಮ ಕೋಣೆಯಲ್ಲಿ ಒಂದು ಭಾನುವಾರ ಕುಳಿತು ಅವನ್ನು ಜೋಡಿಸಿದ. ಎಂಟು ಕೋರಿನ ಪ್ರೊಸೆಸರು, 16 ಜಿಬಿಯ ಎರಡು ಮೆಮೊರಿ ಪಟ್ಟಿ, 550 ವ್ಯಾಟಿನ ಪವರ್ ಸಪ್ಲೈ. ಸದಸ್ಯರೊಬ್ಬರು ತಮ್ಮ ಮನೆಯಲ್ಲಿ ಬಳಸದೆ ಬಿದ್ದಿದ್ದ ಯುಪಿಎಸ್ಸನ್ನು ಕೊಟ್ಟರು. ಮೊದಲ ಎರಡು ಕ್ಯಾಸೆಟ್ಟುಗಳು ಸುಸೂತ್ರವಾಗಿ ಇಳಿದವು. ಮೂರನೆಯದರ ಮೊದಲ ಬದಿ, ಹದಿನೇಳನೆಯ ನಿಮಿಷ: ಪರದೆ ಕಪ್ಪಾಯಿತು, ಫ್ಯಾನು ಒಮ್ಮೆ ನಿಂತು ಮತ್ತೆ ತಿರುಗಿತು, ಕಂಪ್ಯೂಟರು ಏನೂ ಆಗಿಲ್ಲವೆಂಬಂತೆ ಹೊಸದಾಗಿ ಎದ್ದಿತು. ಪಕ್ಕದ ಮೇಜಿನ ಮೇಲೆ ಟೇಪು ಮಾತ್ರ ತಿರುಗುತ್ತಲೇ ಇತ್ತು; ತಾಯಿ ಹಾಡುತ್ತಲೇ ಇದ್ದರು.

ಮರುದಿನ ಬೇರೆ ಬಗೆ. ನೀಲಿ ಪರದೆ, ಅದರ ಮೇಲೊಂದು ಅಳುಮುಖ, ಕ್ಷಣದಲ್ಲಿ ಅದೂ ಮಾಯ. ಆಮೇಲೆ ನಾಲ್ಕು ದಿನ ಏನಿಲ್ಲ. ಐದನೆಯ ದಿನ ಒಂದೇ ಸಂಜೆ ಮೂರು ಸಲ.

ಇಂಥ ಹೊತ್ತಿನಲ್ಲಿ ಉಪದೇಶಕ್ಕೆ ಬರವಿಲ್ಲ. ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿರಿ ಎಂದರು ಒಬ್ಬರು. ಕಾವು ಹೆಚ್ಚಾಗಿದೆ, ಪ್ರೊಸೆಸರಿನ ಪೇಸ್ಟ್ ಬದಲಿಸಿರಿ ಎಂದರು ಇನ್ನೊಬ್ಬರು. ಗ್ರಾಫಿಕ್ಸ್ ಡ್ರೈವರ್ ಎಂದರು ಮಗದೊಬ್ಬರು. ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಎಂದವರೂ ಇದ್ದರು, ಅರ್ಧ ತಮಾಷೆಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗಾಯಿತು. ಇವರ ಮಾತಿನಲ್ಲಿ ಯಾವುದೂ ಅಸಾಧ್ಯವಾದುದಲ್ಲ. ತೊಂದರೆಯೆಂದರೆ, ನಾಲ್ಕು ಉಪಾಯಗಳನ್ನು ಒಟ್ಟಿಗೆ ಮಾಡಿ, ಮೂರು ದಿನ ಯಂತ್ರ ಸುಮ್ಮನಿದ್ದರೆ, ವಾಸಿಯಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ನಾಲ್ಕನೆಯ ದಿನ ಮತ್ತೆ ಕೆಟ್ಟರೆ, ವಾಸಿಯಾಗಿತ್ತೇ ಇಲ್ಲವೇ ಎಂಬುದೂ ತಿಳಿಯುವುದಿಲ್ಲ. ಅಂಗಡಿಗೆ ಫೋನು ಮಾಡಿದೆವು. ಯಂತ್ರ ತನ್ನಿ, ಒಂದು ತಾಸು ನಡೆಸಿ ನೋಡುತ್ತೇವೆ ಎಂದರು. ನಾಲ್ಕು ದಿನ ಸುಮ್ಮನಿರಬಲ್ಲ ರೋಗಕ್ಕೆ ಒಂದು ತಾಸಿನ ಪರೀಕ್ಷೆ!

ಹೊಸದಾಗಿ ಕಟ್ಟಿದ ಯಂತ್ರ ಮೊದಲ ದಿನಗಳಲ್ಲಿಯೇ ಹೆಚ್ಚು ಕೆಡುವುದು ವಿಚಿತ್ರವೇನಲ್ಲ. ಯಂತ್ರಗಳ ಬಾಳಿಕೆಯನ್ನು ಅಭ್ಯಾಸ ಮಾಡುವವರು ಇದನ್ನು ಸ್ನಾನದ ತೊಟ್ಟಿಯ ಆಕಾರದ ಒಂದು ಗೆರೆಯಿಂದ ತೋರಿಸುತ್ತಾರೆ: ಹುಟ್ಟಿದ ಹೊಸದರಲ್ಲಿ ಸಾವು ಹೆಚ್ಚು, ನಡುವೆ ಬಹುಕಾಲ ಕಡಿಮೆ, ಮುಪ್ಪಿನಲ್ಲಿ ಮತ್ತೆ ಹೆಚ್ಚು. ನಮ್ಮಲ್ಲಿ ಬಾಲಾರಿಷ್ಟ ಎಂಬ ಮಾತೇ ಇದೆ. ಅಮೆರಿಕೆಯ ಎನಿಯಾಕ್‌ನಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು; ನಳಿಕೆಗಳು ಸಾಯುವುದು ಬಹುಮಟ್ಟಿಗೆ ಕಾಯುವಾಗ ಮತ್ತು ಆರುವಾಗ ಎಂದು ತಿಳಿದ ಮೇಲೆ ಅದನ್ನು ನಡೆಸುವವರು ಸಾಧ್ಯವಾದಷ್ಟು ಆರಿಸದೆಯೇ ಇಟ್ಟರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸಕ್ಕೆ ತೊಡಗಿದ ಟಿಫ್ರಾಕ್‌ನಲ್ಲಿ ಅಂಥ ನಳಿಕೆಗಳು ಸುಮಾರು 2,700. ಅದನ್ನು ಕಟ್ಟಿದವರಿಗೆ ಕೇಳಲು ಅಂಗಡಿಯವನೂ ಇರಲಿಲ್ಲ. ನಮ್ಮ ಪುಣೆಯ ಸಿ-ಡ್ಯಾಕ್‌ನಲ್ಲಿ ವಿಜಯ ಭಟಕರ್ ಅವರ ಮುಂದಾಳುತನದಲ್ಲಿ ಪರಮ್ 8000 ಸಿದ್ಧವಾದದ್ದು 1991ರಲ್ಲಿ. ಹತ್ತಾರು ಸಣ್ಣ ಪ್ರೊಸೆಸರುಗಳನ್ನು ಜೊತೆಗೂಡಿಸಿ ಒಂದು ದೊಡ್ಡ ಕೆಲಸಕ್ಕೆ ಹೂಡಿದ ಯಂತ್ರ ಅದು. ಅಂಥ ಕಡೆ ದೋಷ ಯಾವ ನೊಗದಲ್ಲಿದೆ ಎಂದು ಹುಡುಕುವ ಸಂಕಟವನ್ನು ನಾವು ಊಹಿಸಬಲ್ಲೆವು. ನಮ್ಮದು ಒಂದೇ ಎತ್ತು, ಒಂದೇ ನೊಗ. ಅಷ್ಟಕ್ಕೇ ಏಳು ವಾರ ಹಿಡಿಯಿತು.

ಯಂತ್ರವನ್ನು ನಂಬಬಹುದೆಂದು ಖಾತ್ರಿಯಾಗುವವರೆಗೆ ಇನ್ನೊಂದು ಕ್ಯಾಸೆಟ್ಟನ್ನೂ ಮುಟ್ಟಕೂಡದೆಂದು ಎಲ್ಲರೂ ಕೂಡಿ ನಿರ್ಧರಿಸಿದೆವು. ಬೇರೆ ರೆಕಾರ್ಡರು ಕೊಳ್ಳೋಣ ಎಂಬ ಸೂಚನೆ ಬಂತು; ಆದರೆ ವಂತಿಗೆಯ ಹಣವೆಲ್ಲ ಆಗಲೇ ಈ ಯಂತ್ರಕ್ಕೆ ಹೋಗಿತ್ತು. ಮುಖ್ಯವಾದ ಕೆಲಸವನ್ನು ಮಾಡಿದವರು ಬಳಗದ ನಿವೃತ್ತ ಮಾಸ್ತರರು. ಕಂಪ್ಯೂಟರಿನ ಗಂಧವಿಲ್ಲದ ಅವರು ಅಂಗಡಿಯಿಂದ ಇನ್ನೂರು ಪುಟದ ಒಂದು ನೋಟುಬುಕ್ಕು ತಂದರು. “ಚಳಿಜ್ವರ ಬಂದ್ರ ವೈದ್ಯರು ಮೊದಲು ಕೇಳೋದು ಏನು? ಎಷ್ಟು ಹೊತ್ತಿಗೆ ಬರತದ ಅಂತ. ಬರೀರಿ” ಎಂದರು. ದಿನಾಂಕ, ಗಂಟೆ ನಿಮಿಷ, ಆಗ ಯಂತ್ರದಲ್ಲಿ ನಡೆಯುತ್ತಿದ್ದ ಕೆಲಸ, ಕಂಡದ್ದು ಏನು, ಹೊರಗೆ ಮಳೆಯೋ ಬಿಸಿಲೋ: ಐದು ಕಾಲಮ್ಮು ಎಳೆದರು. ಯಾರು ಕೋಣೆಯಲ್ಲಿದ್ದರೂ ಬರೆಯಬೇಕು. ಏನೂ ಆಗದ ದಿನವನ್ನೂ ಬರೆಯಬೇಕು. ಈ ಕೊನೆಯ ನಿಯಮ ಆಗ ನಮಗೆ ಅತಿಯೆನಿಸಿತ್ತು.

ಕಂಪ್ಯೂಟರ್ ಲೋಕದಲ್ಲಿ ಇಂಥ ದೋಷಗಳಿಗೆ ಒಂದು ಹೆಸರಿದೆ. ಜಿಮ್ ಗ್ರೇ ಎಂಬ ಅಮೆರಿಕನ್ ವಿಜ್ಞಾನಿ 1985ರಲ್ಲಿ ಕಂಪ್ಯೂಟರುಗಳು ಯಾಕೆ ನಿಂತುಹೋಗುತ್ತವೆ ಎಂಬ ಬಗ್ಗೆ ಬರೆದ ವರದಿಯಲ್ಲಿ ದೋಷಗಳನ್ನು ಎರಡು ಬಗೆಯಾಗಿ ಕಂಡರು. ಯಾವಾಗ ನೋಡಿದರೂ ಅಲ್ಲಿಯೇ ಇರುವಂಥವು ಬೋರ್ ದೋಷಗಳು. ನೋಡಹೋದೊಡನೆ ಮಾಯವಾಗುವಂಥವು ಹೈಸೆನ್‌ಬರ್ಗ್ ದೋಷಗಳು. ಗ್ರೇ ಅವರ ಮಾತು ಮುಖ್ಯವಾಗಿ ಸಾಫ್ಟ್‌ವೇರಿನ ಬಗ್ಗೆ. ಆದರೆ ಹೆಸರು ನಮ್ಮ ಯಂತ್ರಕ್ಕೂ ಒಪ್ಪುತ್ತಿತ್ತು. (ಆ ಗ್ರೇ ಅವರೇ 2007ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೊರಟವರು ಮರಳಲಿಲ್ಲ. ಸಾವಿರಾರು ಜನ ಉಪಗ್ರಹದ ಚಿತ್ರಗಳನ್ನು ಜಾಲಾಡಿದರೂ ದೋಣಿಯ ಗುರುತು ಸಿಗಲಿಲ್ಲ.)

ಮೊದಲ ಎಳೆ ಸಿಕ್ಕದ್ದು ನೋಟುಬುಕ್ಕಿನ ನಾಲ್ಕನೆಯ ಕಾಲಮ್ಮಿನಲ್ಲಿ. ಎರಡು ವಾರದ ದಾಖಲೆಯನ್ನು ಒಟ್ಟಿಗೆ ಓದಿದಾಗ ಅಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ ಎಂದು ಕಂಡಿತು. ಕೆಲವೊಮ್ಮೆ ನೀಲಿ ಪರದೆ ಬರುತ್ತಿತ್ತು. ಕೆಲವೊಮ್ಮೆ ಪರದೆಯೇ ಇಲ್ಲದೆ, ಯಾರೋ ತಂತಿ ಕಿತ್ತಂತೆ, ಯಂತ್ರ ಆರಿ ಹೊತ್ತುತ್ತಿತ್ತು. ನೀಲಿ ಪರದೆಯೆಂದರೆ ವಿಂಡೋಸ್ ತಾನೇ ತಪ್ಪನ್ನು ಕಂಡು, ಇನ್ನು ಮುಂದುವರಿದರೆ ಕಡತಗಳು ಕೆಟ್ಟಾವೆಂದು ನಿಲ್ಲುವುದು. ಅದರ ಮೇಲೆ ದೋಷದ ಹೆಸರು ಬರೆದಿರುತ್ತದೆ. ಆದರೆ ವಿಂಡೋಸ್ ರೂಢಿಯಂತೆ ತಾನಾಗಿ ಮರುಚಾಲನೆಗೊಳ್ಳುವುದರಿಂದ ಅದನ್ನು ಓದುವಷ್ಟು ಪುರುಸೊತ್ತು ಸಿಗುವುದಿಲ್ಲ. ತಾನಾಗಿ ಮರುಚಾಲನೆ ಬೇಡವೆಂದು ಸಿಸ್ಟಮ್ಮಿನ ಸೆಟಿಂಗಿನಲ್ಲಿ ತಿಳಿಸಬೇಕು. ತಂತಿ ಕಿತ್ತಂಥ ಮರುಚಾಲನೆಯಲ್ಲಿ ವಿಂಡೋಸಿಗೂ ಏನೂ ತಿಳಿದಿರುವುದಿಲ್ಲ. ಎದ್ದ ಮೇಲೆ ತನ್ನ ದಿನಚರಿಯಲ್ಲಿ ಕರ್ನಲ್-ಪವರ್ 41 ಎಂಬ ಒಂದು ಸಾಲು ಬರೆದುಕೊಳ್ಳುತ್ತದೆ: ಹಿಂದಿನ ಸಲ ಸರಿಯಾಗಿ ಮುಚ್ಚದೆ ಯಂತ್ರ ನಿಂತಿತ್ತು, ಅಷ್ಟೇ. ಈ 41ನ್ನು ಕಂಡವರು ಅದೇ ರೋಗದ ಹೆಸರೆಂದು ಭಾವಿಸುವುದುಂಟು. ಅದು ರೋಗವಲ್ಲ, ಪ್ರಜ್ಞೆ ತಪ್ಪಿ ಎದ್ದವನು ‘ನಾನು ಬಿದ್ದಿದ್ದೆ’ ಎನ್ನುವ ಮಾತು ಮಾತ್ರ. ಆ ಸಾಲಿನ ವಿವರಗಳಲ್ಲಿ ಬಗ್‌ಚೆಕ್ ಕೋಡ್ ಎಂಬ ಒಂದು ಅಂಕಿಯಿರುತ್ತದೆ. ನೀಲಿ ಪರದೆಯಿಂದಾದ ಮರುಚಾಲನೆಯಾದರೆ ಅಲ್ಲಿ ಆ ದೋಷದ ಸಂಖ್ಯೆ ಇರಬಹುದು. ಶಕ್ತಿಯೇ ತಪ್ಪಿಹೋದುದಾದರೆ ಅಲ್ಲಿರುವುದು ಸೊನ್ನೆ. ನಮ್ಮಲ್ಲಿ ಎರಡೂ ಇದ್ದವು. ರೋಗಿ ಒಬ್ಬನೇ, ಜ್ವರ ಎರಡು.

ಹೀಗಾಗಿ ಎರಡನ್ನೂ ಬೇರ್ಪಡಿಸಿ, ಮೊದಲು ನೀಲಿ ಪರದೆಯ ಕಡೆ ತಿರುಗಿದೆವು. ತಾನಾಗಿ ಮರುಚಾಲನೆಯಾಗುವುದನ್ನು ನಿಲ್ಲಿಸಿದ ಮೇಲೆ ದೋಷಗಳ ಹೆಸರು ಓದಲು ಸಿಕ್ಕವು. ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಮ್ಮೆ ಪೇಜ್ ಫಾಲ್ಟ್, ಮತ್ತೊಮ್ಮೆ ಬೇರಾವುದೋ ಡ್ರೈವರಿನ ಹೆಸರು. ಡ್ರೈವರಿನ ಹೆಸರು ಬಂದಾಗ ಅದನ್ನೇ ತೆಗೆದುಹಾಕಬೇಕೆನಿಸುವುದು ಸಹಜ. ಆದರೆ ದೂರುಗಳು ಪ್ರತಿ ಸಲ ಬೇರೆ ಬೇರೆಯವರ ಮೇಲೆ ಬರುತ್ತಿದ್ದರೆ, ಅವರೆಲ್ಲರೂ ಒಂದೇ ಬಾವಿಯ ನೀರು ಕುಡಿಯುತ್ತಿದ್ದಾರೆಯೇ ಎಂದು ನೋಡಬೇಕು. ಕಂಪ್ಯೂಟರಿನಲ್ಲಿ ಆ ಬಾವಿ ಮೆಮೊರಿ.

ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ಪೆನ್‌ಡ್ರೈವಿನಿಂದ ನಡೆಸಬಹುದು, ವಿಂಡೋಸಿನ ಹಂಗಿಲ್ಲ. ಅದು ಮೆಮೊರಿಯ ಒಂದೊಂದು ಮನೆಯಲ್ಲಿಯೂ ಒಂದು ಸಂಖ್ಯೆಯನ್ನು ಇಟ್ಟು, ಮರಳಿ ಓದಿ, ಇಟ್ಟದ್ದೇ ಬಂದಿದೆಯೇ ಎಂದು ನೋಡುತ್ತದೆ. ಸಂಖ್ಯೆಯ ವಿನ್ಯಾಸ ಬದಲಿಸಿ ಮತ್ತೆ ಮತ್ತೆ ನೋಡುತ್ತದೆ. ನಮ್ಮ 32 ಜಿಬಿಯಲ್ಲಿ ಅಂಥ ಬಿಟ್ಟುಗಳು 27,000 ಕೋಟಿಗೂ ಹೆಚ್ಚು. ಒಂದು ರಾತ್ರಿ ಹಾಕಿಟ್ಟು ಹೋದೆವು. ಬೆಳಗ್ಗೆ ನೋಡಿದರೆ ಮೊದಲ ಮೂರು ಸುತ್ತು ನಿರ್ದೋಷ. ನಾಲ್ಕನೆಯ ಸುತ್ತಿನಲ್ಲಿ ಎರಡು ಕೆಂಪು ಸಾಲು. ಒಂದು ತಾಸು ನಡೆಸಿ ನೋಡುವ ಅಂಗಡಿಯಲ್ಲಿ ಈ ಸಾಲುಗಳು ಎಂದೂ ಕಾಣುತ್ತಿರಲಿಲ್ಲ.

ಕೆಂಪು ಸಾಲು ಬಂದ ಮಾತ್ರಕ್ಕೆ ಪಟ್ಟಿಯೇ ಕೆಟ್ಟಿದೆ ಎನ್ನುವಂತಿಲ್ಲ. ಪಟ್ಟಿ ಕೂರುವ ಗಾಡಿ ಕೆಟ್ಟಿರಬಹುದು. ಪ್ರೊಸೆಸರಿನೊಳಗಿನ ಮೆಮೊರಿ ನಿಯಂತ್ರಕ ಕೆಟ್ಟಿರಬಹುದು. ಪೆಟ್ಟಿಗೆಯ ಮೇಲೆ ಬರೆದ ವೇಗವನ್ನು ಈ ಬೋರ್ಡು ತಾಳದಿರಬಹುದು. ಆದ್ದರಿಂದ ವೇಗವನ್ನು ರೂಢಿಯ ಮಟ್ಟಕ್ಕೆ ಇಳಿಸಿ, ಒಂದೊಂದೇ ಪಟ್ಟಿಯನ್ನು ಒಂದೊಂದೇ ಗಾಡಿಯಲ್ಲಿ ಕೂರಿಸಿ, ನಾಲ್ಕು ರಾತ್ರಿ ಪರೀಕ್ಷೆ ನಡೆಸಿದೆವು. ಎರಡೂ ಪಟ್ಟಿ ನೋಡಲು ಅವಳಿಜವಳಿ. ಅದಲುಬದಲಾಗದಿರಲೆಂದು ಕಾಕು ತಮ್ಮ ಚೀಲದಿಂದ ಒಂದು ಟಿಕಳಿ ತೆಗೆದು ಒಂದರ ಲೇಬಲ್ಲಿನ ಮೇಲೆ ಅಂಟಿಸಿದರು. ಟಿಕಳಿಯಿಲ್ಲದ ಪಟ್ಟಿ ಎರಡು ಗಾಡಿಯಲ್ಲಿಯೂ ಶುದ್ಧ. ಟಿಕಳಿಯದು ಎರಡು ಗಾಡಿಯಲ್ಲಿಯೂ, ನಸುಕಿನ ಹೊತ್ತಿಗೆ, ಅದೇ ಒಂದು ವಿಳಾಸದಲ್ಲಿ, ಅದೇ ಒಂದು ಬಿಟ್ಟನ್ನು ತಪ್ಪಾಗಿ ಹೇಳುತ್ತಿತ್ತು. ದೋಷವು ಪಟ್ಟಿಯ ಬೆನ್ನು ಹತ್ತಿ ಹೋಗುತ್ತಿದೆ, ಗಾಡಿಯ ಜೊತೆ ಉಳಿಯುತ್ತಿಲ್ಲ. ಬೋರ್ಡೂ ಪ್ರೊಸೆಸರೂ ಪಾರಾದವು.

ಒಂದೇ ವಿಳಾಸದ ಒಂದೇ ಬಿಟ್ಟು! ಹಾಗಿದ್ದರೆ ಕೇಡು ಬಗೆಬಗೆಯಾಗಿ ಕಂಡದ್ದೇಕೆ? ಇದನ್ನು ಅರಿಯಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಕೆಟ್ಟ ಮನೆ ಅದೇ. ಅದರಲ್ಲಿ ಬಾಡಿಗೆಗೆ ಬರುವವರು ದಿನಕ್ಕೊಬ್ಬರು. ಒಂದು ದಿನ ವಿಂಡೋಸಿನ ಲೆಕ್ಕಪತ್ರ ಅಲ್ಲಿ ಬಂದು ಕೂರುತ್ತದೆ, ಇನ್ನೊಂದು ದಿನ ಯಾವುದೋ ಡ್ರೈವರಿನ ಸೂಚನೆ, ಹಲವು ದಿನ ಯಾರೂ ಇಲ್ಲ. ಯಾರೂ ಇಲ್ಲದ ದಿನ ಯಂತ್ರ ಆರೋಗ್ಯವಾಗಿರುತ್ತದೆ. ನಮಗೆ ನಿಜವಾಗಿ ಅಂಜಿಕೆ ಹುಟ್ಟಿಸಿದ್ದು ಮತ್ತೊಂದು ಸಾಧ್ಯತೆ: ಆ ಮನೆಯಲ್ಲಿ ತಾಯಿಯ ದನಿಯ ಒಂದು ತುಣುಕು ಬಂದು ಕೂತಿದ್ದರೆ? ಆಗ ಯಂತ್ರ ನಿಲ್ಲುತ್ತಲೇ ಇರಲಿಲ್ಲ. ಒಂದು ಚಿಟುಕು ಸದ್ದಾಗಿ, ಅಥವಾ ಸದ್ದೂ ಆಗದೆ, ತಪ್ಪು ಕಡತದಲ್ಲಿ ಉಳಿದುಬಿಡುತ್ತಿತ್ತು. ಮೊದಲಿಳಿಸಿದ ಎರಡು ಕ್ಯಾಸೆಟ್ಟುಗಳ ಕಡತಗಳನ್ನು ಕಿವಿಗೊಟ್ಟು ಪೂರ್ತಿ ಕೇಳಿ ನೋಡಿದೆವು. ಕೇಳಿಸುವಂಥದೇನೂ ಇರಲಿಲ್ಲ.

ಒಂದು ಬಿಟ್ಟು ಏನೆಲ್ಲ ಮಾಡಬಲ್ಲುದು ಎಂಬುದಕ್ಕೆ ಬೆಲ್ಜಿಯಮ್ಮಿನ ಸ್ಕಾರ್‌ಬೇಕ್ ಎಂಬಲ್ಲಿಯ ಪ್ರಸಂಗ ಹೆಸರಾಗಿದೆ. 2003ರ ಮೇ 18ರ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ, ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದವು. ಮರು ಎಣಿಕೆ ಮಾಡಿದಾಗ ಹೆಚ್ಚಾದದ್ದು ಸರಿಯಾಗಿ 4,096. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಅಂದರೆ ಲೆಕ್ಕದಲ್ಲಿ ಒಂದೇ ಒಂದು ಬಿಟ್ಟು ಸೊನ್ನೆಯಿಂದ ಒಂದಕ್ಕೆ ಜಿಗಿದಿತ್ತು. ಅಂತರಿಕ್ಷದ ಕಿರಣ ತಾಗಿ ಹೀಗಾಗಿರಬಹುದೆಂಬ ಊಹೆ ಪ್ರಸಿದ್ಧವಾಯಿತು, ಸಾಬೀತಾಗಲಿಲ್ಲ. ಇನ್ನೊಂದು ಪ್ರಸಂಗದಲ್ಲಿ ಕಾರಣ ಸಾಬೀತಾಯಿತು. 1978ರಲ್ಲಿ ಇಂಟೆಲ್‌ನ ಟಿಮತಿ ಮೇ ಮತ್ತು ಮರ್ರೆ ವುಡ್ಸ್ ಅವರು, ತಮ್ಮ ಮೆಮೊರಿ ಚಿಪ್ಪುಗಳಲ್ಲಿ ಬಿಟ್ಟುಗಳು ಅಕಾರಣವಾಗಿ ತಿರುಗುವುದಕ್ಕೆ ಕಾರಣ ಚಿಪ್ಪಿನ ಹೊದಿಕೆಯಲ್ಲಿದ್ದ ಯುರೇನಿಯಂ, ಥೋರಿಯಂನ ಅತ್ಯಲ್ಪ ಅಂಶ ಎಂದು ತೋರಿಸಿದರು. ಹೊದಿಕೆಯಿಂದ ಹೊರಟ ಆಲ್ಫಾ ಕಣಗಳು ಚಿಪ್ಪಿನ ನೆನಪನ್ನು ಕೆಡಿಸುತ್ತಿದ್ದವು. ಕಾಪಾಡಲೆಂದು ತೊಡಿಸಿದ ಕವಚವೇ ಕೇಡಿನ ಮೂಲ.

ವಾರಂಟಿಯಲ್ಲಿ ಪಟ್ಟಿ ಬದಲಾಯಿತು. ಒಂದಿಷ್ಟು ಪತ್ರವ್ಯವಹಾರ, ಒಂದಿಷ್ಟು ಅಲೆದಾಟ. ಅದರ ಕಥೆ ಬೇಡ. ಹೊಸ ಪಟ್ಟಿಯನ್ನೂ ಎರಡು ರಾತ್ರಿ ಪರೀಕ್ಷಿಸಿದೆವು. ನೀಲಿ ಪರದೆ ಅಂದು ನಿಂತದ್ದು ಇಂದಿಗೂ ಬಂದಿಲ್ಲ. ಆದರೆ ಮೂರನೆಯ ಸಂಜೆ ಯಂತ್ರ, ತಂತಿ ಕಿತ್ತಂತೆ, ಮತ್ತೆ ಆರಿ ಹೊತ್ತಿತು. ಬಗ್‌ಚೆಕ್ ಕೋಡ್: ಸೊನ್ನೆ.

ಆ ವಾರ ನಮ್ಮ ಉತ್ಸಾಹ ಅತಿ ಕೆಳಗೆ ಇಳಿದಿತ್ತೆಂದು ಹೇಳಬೇಕು. ಎರಡು ಜ್ವರ ಎಂದು ಮೊದಲೇ ಬರೆದುಕೊಂಡಿದ್ದರೂ, ಒಂದನ್ನು ವಾಸಿ ಮಾಡಿದ ಸಂತೋಷದಲ್ಲಿ ಮನಸ್ಸು ಇನ್ನೊಂದೂ ಅದರ ಜೊತೆ ಹೋಗಿರಲಿ ಎಂದು ಆಸೆಪಟ್ಟಿರುತ್ತದೆ. ಕಾಕುವಿನ ಮಗ ಬೇರೆ ಊರಿಗೆ ವರ್ಗವಾಗಿದ್ದ. ನವರಾತ್ರಿಯ ಹೊತ್ತಿಗೆ ಅವರೂ ಹೊರಡುವವರು. “ಇರಲಿ ಬಿಡ್ರಿ, ಇಷ್ಟು ವರ್ಷ ಡಬ್ಬಿಯೊಳಗ ಇದ್ದು, ಇನ್ನ ಸ್ವಲ್ಪ ದಿನ ಇರ್ತಾವ” ಎಂದು ಅವರು ನಮಗೇ ಸಮಾಧಾನ ಹೇಳಿದರು. ಡಬ್ಬಿಯನ್ನು ಹಿಂದಕ್ಕೆ ಒಯ್ಯುವ ಮಾತು ಅದರಲ್ಲಿತ್ತು. ಅದು ನಮಗೆಲ್ಲರಿಗೂ ತಿಳಿಯಿತು.

ಮಾಸ್ತರರು ನೋಟುಬುಕ್ಕಿನಿಂದ ನೀಲಿ ಪರದೆಯ ಸಾಲುಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ, ಉಳಿದ ಸಾಲುಗಳನ್ನು ಬೇರೆ ಪುಟಕ್ಕೆ ಇಳಿಸಿದರು. ಹನ್ನೊಂದು ಸಾಲು. ಸಂಜೆ 6:42. 6:38. 6:51. 6:45. ಭಾನುವಾರದ್ದು ಮಾತ್ರ ಬೆಳಗ್ಗೆ ಹತ್ತರ ಆಸುಪಾಸು. ನೀಲಿ ಪರದೆಗಳೊಂದಿಗೆ ಬೆರೆತಿದ್ದಾಗ ಗೊತ್ತುಗುರಿಯಿಲ್ಲದೆ ಹರಡಿದಂತೆ ಕಂಡ ಕಾಲಗಳು ಬೇರ್ಪಟ್ಟೊಡನೆ ಸಾಲಾಗಿ ನಿಂತವು. ಇನ್ನೊಂದು ಸಂಗತಿಯೂ ಕಂಡಿತು. ಏನೂ ಆಗದ ದಿನವನ್ನೂ ಬರೆಯಿರಿ ಎಂಬ ಅವರ ಹಟದ ಬೆಲೆ ಆಗ ತಿಳಿಯಿತು. ಎರಡು ಗುರುವಾರಗಳಂದು ಸಂಜೆಯುದ್ದಕ್ಕೂ ಯಂತ್ರ ನಡೆದಿದ್ದರೂ ಏನೂ ಆಗಿರಲಿಲ್ಲ. ಪುಣೆಯಲ್ಲಿರುವವರಿಗೆ ಗುರುವಾರ ಎಂದೊಡನೆ ಹೊಳೆಯುವುದು ನೀರು. ಮಹಾನಗರಪಾಲಿಕೆ ದುರಸ್ತಿಗಾಗಿ ನೀರು ಬಂದ್ ಮಾಡುವುದು ಸಾಮಾನ್ಯವಾಗಿ ಗುರುವಾರವೇ. ಪತ್ರಿಕೆ ತೆಗೆದು ನೋಡಿದರೆ ಆ ಎರಡೂ ದಿನ ನಮ್ಮ ಭಾಗಕ್ಕೆ ನೀರು ಬಂದ್ ಇತ್ತು.

ನೀರಿಗೂ ಕಂಪ್ಯೂಟರಿಗೂ ಏನು ಸಂಬಂಧ? ಕೆಳಗೆ ವಾಚ್‌ಮನ್ ಮಾಮಾ ಅವರನ್ನು ಕೇಳಿದೆವು. ನೆಲದೊಳಗಿನ ಟಾಕಿಯಿಂದ ಮಾಳಿಗೆಯ ಟಾಕಿಗೆ ನೀರೆತ್ತುವ ಪಂಪನ್ನು ಅವರು ಕೈಯಿಂದಲೇ ಹಚ್ಚುವರು. ಹೊತ್ತು? ಸಂಜೆ ಚಹಾ ಆದ ಮೇಲೆ, ಪೌಣೆ ಸಾತ್‌ನ ಸುಮಾರಿಗೆ. ಭಾನುವಾರ ಎಲ್ಲರೂ ತಡವಾಗಿ ಸ್ನಾನ ಮಾಡುವುದರಿಂದ ಬೆಳಗ್ಗೆ ಹತ್ತಕ್ಕೆ ಇನ್ನೊಮ್ಮೆ. ಕೆಳಗಿನ ಟಾಕಿ ಬರಿದಾದ ದಿನ ಪಂಪಿಲ್ಲ.

ವಿದ್ಯುತ್ ಮೋಟಾರು ನಿಂತ ಸ್ಥಿತಿಯಿಂದ ತಿರುಗತೊಡಗುವಾಗ, ನಡೆಯುವಾಗ ಬೇಕಾಗುವುದರ ಐದಾರು ಪಟ್ಟು ಕರೆಂಟನ್ನು ಕ್ಷಣಕಾಲ ಎಳೆಯುತ್ತದೆ. ಕಟ್ಟಡದ ತಂತಿಗಳಲ್ಲಿ ಆ ಕ್ಷಣ ವೋಲ್ಟೇಜು ಕುಸಿಯುತ್ತದೆ. ದೀಪ ಒಮ್ಮೆ ರೆಪ್ಪೆ ಬಡಿದಂತಾಗುತ್ತದೆ. ಇಷ್ಟಕ್ಕೆ ಕಂಪ್ಯೂಟರು ನಿಲ್ಲಬೇಕಾಗಿಲ್ಲ. ಒಳ್ಳೆಯ ಪವರ್ ಸಪ್ಲೈಯ ಕೆಪಾಸಿಟರಿನಲ್ಲಿ ಸುಮಾರು 16 ಮಿಲಿಸೆಕೆಂಡಿನ ಬುತ್ತಿ ಇರುತ್ತದೆ. ಅದಕ್ಕೂ ಮೇಲಾಗಿ 230 ವೋಲ್ಟಿನ ಕಡೆ 150 ಬಂದರೂ ಅದು ನಡೆಸಿಕೊಂಡು ಹೋಗಬಲ್ಲುದು. ಆದರೆ ನಡುವೆ ಯುಪಿಎಸ್ ಇತ್ತು. ವೋಲ್ಟೇಜು ಕುಸಿದದ್ದನ್ನು ಕಂಡ ಯುಪಿಎಸ್ಸು ತನ್ನ ಧರ್ಮದಂತೆ ಬ್ಯಾಟರಿಗೆ ಹೊರಳುತ್ತಿತ್ತು. ಅಗ್ಗದ ಯುಪಿಎಸ್ಸುಗಳು ಬ್ಯಾಟರಿಯಿಂದ ಕೊಡುವ ವಿದ್ಯುತ್ತು ಗೋಡೆಯ ವಿದ್ಯುತ್ತಿನಂತೆ ನಯವಾದ ಅಲೆಯಲ್ಲ. ಮೆಟ್ಟಿಲು ಮೆಟ್ಟಿಲಾದ ಒರಟು ಅಲೆ. ಫ್ಯಾನಿಗೂ ದೀಪಕ್ಕೂ ಅದು ನಡೆಯುತ್ತದೆ. ಈಗಿನ ಪವರ್ ಸಪ್ಲೈಗಳು ಅಲೆಯ ಆಕಾರವನ್ನೇ ಅನುಸರಿಸಿ ಕರೆಂಟನ್ನು ಹದವಾಗಿ ಎಳೆದುಕೊಳ್ಳುವ ಮಂಡಲವೊಂದನ್ನು ಹೊಂದಿವೆ; ಮೆಟ್ಟಿಲುಗಳ ನಡುವಿನ ಖಾಲಿ ಜಾಗದಲ್ಲಿ ಅವುಗಳಲ್ಲಿ ಕೆಲವಕ್ಕೆ ಕಾಲು ಸಿಗುವುದಿಲ್ಲ. ಯಂತ್ರ ಹಗುರವಾಗಿ ಕೂತಿದ್ದರೆ ಹೇಗೋ ದಾಟುತ್ತದೆ. ಭಾರದ ಕೆಲಸದಲ್ಲಿದ್ದರೆ ಮುಗ್ಗರಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತನ್ನು ನಾವು ಅಂದು ಎಷ್ಟು ಸಲ ಹೇಳಿದೆವೋ.

ಇದೆಲ್ಲ ಆ ತನಕ ಊಹೆ. ಪರೀಕ್ಷೆ ಸುಲಭವಾಗಿತ್ತು: ಪಂಪಿಗಾಗಿ ಕಾಯದೆ ನಾವೇ ಗೋಡೆಯಿಂದ ಯುಪಿಎಸ್ಸಿನ ಪ್ಲಗ್ಗನ್ನು ಕೀಳುವುದು. ಕಂಪ್ಯೂಟರಿಗೆ ಭಾರದ ಕೆಲಸ ಹಚ್ಚಿ ಐದು ಸಲ ಕಿತ್ತೆವು. ಐದೂ ಸಲ ಆರಿ ಹೊತ್ತಿತು. ಕೆಲಸವಿಲ್ಲದೆ ಬಿಟ್ಟು ಐದು ಸಲ ಕಿತ್ತೆವು; ಒಂದು ಸಲ ಮಾತ್ರ ಆರಿತು. ಆರು ವಾರ ನಮ್ಮ ಕಣ್ಣು ತಪ್ಪಿಸಿ ಆಡಿದ ದೋಷ ಈಗ ಕರೆದಾಗ ಬರತೊಡಗಿತು. ಮೇಲೆ ಹೇಳಿದ ಗ್ರೇ ಅವರ ಲೆಕ್ಕದಲ್ಲಿ ಹೈಸೆನ್‌ಬರ್ಗ್ ಹೋಗಿ ಬೋರ್ ಆಯಿತು. ನಮ್ಮ ತರುಣ ಮಿತ್ರ ಆ ಸಂಜೆ ಯಂತ್ರ ಪ್ರತಿ ಸಲ ಆರಿದಾಗಲೂ ನಕ್ಕದ್ದನ್ನು ಕಂಡು, ಹೊರಗಿನಿಂದ ಬಂದವರು ಏನೆಂದುಕೊಂಡರೋ.

ಯುಪಿಎಸ್ಸನ್ನು ಬದಿಗಿಟ್ಟು ಯಂತ್ರವನ್ನು ನೇರವಾಗಿ ಗೋಡೆಗೆ ಕೊಟ್ಟು ಮೂರು ಸಂಜೆ ಪಂಪಿನ ಹೊತ್ತಿಗೆ ಕಾದು ಕುಳಿತೆವು. ದೀಪ ರೆಪ್ಪೆ ಬಡಿಯಿತು. ಕೆಳಗೆ ಪಂಪು ಗುಂಯ್‌ಗುಟ್ಟಿತು. ಯಂತ್ರಕ್ಕೆ ಅದರ ಪರಿವೆಯೇ ಇರಲಿಲ್ಲ. ಆದರೆ ಮಳೆಗಾಲದ ಪುಣೆಯಲ್ಲಿ ಕರೆಂಟು ಪೂರ್ತಿ ಹೋಗುವುದೂ ಉಂಟಾದ್ದರಿಂದ ಯುಪಿಎಸ್ ಇಲ್ಲದೆ ಕ್ಯಾಸೆಟ್ಟು ಹಚ್ಚುವಂತಿರಲಿಲ್ಲ. ನಯವಾದ ಅಲೆ ಕೊಡುವ ಯುಪಿಎಸ್ಸುಗಳು ದುಬಾರಿ; ಮತ್ತೊಮ್ಮೆ ವಂತಿಗೆಯ ಬುಟ್ಟಿ ತಿರುಗಿತು. ಹಳೆಯದನ್ನು ಕೊಟ್ಟವರು ಅದನ್ನು ಮನೆಗೆ ಒಯ್ದು ಇಂಟರ್ನೆಟ್ಟಿನ ಡಬ್ಬಿಗೆ ಹಚ್ಚಿದ್ದಾರೆ. ಅಲ್ಲಿ ಅದು ಚೆನ್ನಾಗಿಯೇ ನಡೆದಿದೆ.

ಹೊಸ ಯುಪಿಎಸ್ಸಿನ ಪ್ಲಗ್ಗನ್ನು ಭಾರದ ಕೆಲಸದ ನಡುವೆ ಇಪ್ಪತ್ತು ಸಲ ಕಿತ್ತು, ಯಂತ್ರ ಇಪ್ಪತ್ತು ಸಲವೂ ನಿಂತದ್ದನ್ನು, ಅಂದರೆ ಆರದೆ ನಿಂತದ್ದನ್ನು, ನೋಟುಬುಕ್ಕಿನಲ್ಲಿ ಬರೆದ ಮೇಲೆ ಮಾಸ್ತರರು ಮೂರನೆಯ ಕ್ಯಾಸೆಟ್ಟನ್ನು ಡಬ್ಬಿಯಿಂದ ತೆಗೆದುಕೊಟ್ಟರು. ಅದು ಸಂಜೆ ಆರೂವರೆ. ಬೇಕೆಂದೇ ಪಂಪಿನ ಹೊತ್ತನ್ನು ಆರಿಸಿಕೊಂಡಿದ್ದೆವು. ಕಾಕು ಹೆಡ್‌ಫೋನು ಹಾಕಿಕೊಂಡು ಕುಳಿತರು. ಹದಿನೇಳನೆಯ ನಿಮಿಷ ದಾಟಿತು. ಇಪ್ಪತ್ತೊಂದನೆಯ ನಿಮಿಷದಲ್ಲಿ ತಾಯಿ ಪದವನ್ನು ನಡುವೆಯೇ ನಿಲ್ಲಿಸಿ, ಒಲೆಯ ಮೇಲೆ ಹಾಲು ಉಕ್ಕುತ್ತಿದೆಯೇನೋ ನೋಡೆಂದು ಯಾರಿಗೋ ಕೂಗಿ ಹೇಳುತ್ತಾರೆ. ದೂರದಲ್ಲಿ ಒಂದು ಹೆಣ್ಣುದನಿ ಓಗೊಡುತ್ತದೆ. “ನಾನರಿ ಅದು” ಎಂದರು ಕಾಕು. ಬೇಸಿಗೆಯ ರಜೆಗೆ ತವರಿಗೆ ಹೋಗಿದ್ದರಂತೆ. ತಾಯಿ ಮತ್ತೆ ಪದವನ್ನು ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಾರೆ.

ನವರಾತ್ರಿಗೆ ಮುಂಚೆ 19 ಕ್ಯಾಸೆಟ್ಟುಗಳು ಇಳಿದವು. ಉಳಿದ ಮೂರರಲ್ಲಿ ಒಂದರ ಉಣ್ಣೆಯ ತುಣುಕು ಉದುರಿದೆ. ಸುರುಳಿಯನ್ನು ಬೇರೆ ಕ್ಯಾಸೆಟ್ಟಿನ ಒಡಲಿಗೆ ವರ್ಗಾಯಿಸಬೇಕು. ಎರಡಕ್ಕೆ ಬೂಷ್ಟು ಹಿಡಿದಿದೆ. ಚಳಿಗಾಲದ ಒಣ ಹವೆ ಬರಲೆಂದು ಕಾದಿದ್ದೇವೆ. ಕಾಕು ಆ ಮೂರನ್ನು ನಮ್ಮ ಕಪಾಟಿನಲ್ಲಿಯೇ ಬಿಟ್ಟುಹೋಗಿದ್ದಾರೆ.